ರೊಟ್ಟಿ ಗಂಟು ಕಟ್ಟಿಕೊಂಡು ವಿಯೆಟ್ನಾಂಗೆ: 13 ರಾತ್ರಿ, 40 ಸಾವಿರ

ಮೊದಲು ಲೆಕ್ಕ ಹೇಳಿಬಿಡ್ತೀನಿ, ಊರಲ್ಲಿ ಎಲ್ಲರೂ ಕೇಳಿದ್ದು ಅದನ್ನೇ. ಕಲಬುರಗಿಯ ಮನೆ ಬಿಟ್ಟು, ವಿಯೆಟ್ನಾಂ ನೋಡಿ, ವಾಪಸ್ ಮನೆ ಸೇರೋವರೆಗೆ 13 ರಾತ್ರಿ. ಖರ್ಚು 40 ಸಾವಿರದ ಆಸುಪಾಸು. ಅದಕ್ಕೂ ಮುಂಚೆ ಕಳೆದುಕೊಂಡ 9 ಸಾವಿರ ಬೇರೆ ಇದೆ, ಅದನ್ನೂ ಹೇಳ್ತೀನಿ. ಏಜೆಂಟ್ ಇರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ಬೆನ್ನಿಗೆ ಏಳು ಕೆಜಿಯ ಒಂದು ಬ್ಯಾಗ್, ಅದರಲ್ಲಿ ಒಂದೂವರೆ ಕೆಜಿ ಕಡಕ್ ರೊಟ್ಟಿ.

ಈ ರೊಟ್ಟಿಯದ್ದೇ ಎಲ್ಲರಿಗೂ ತಕರಾರು. "ವಿಮಾನದಾಗ ರೊಟ್ಟಿ ಕಟ್ಕೊಂಡು ಹೋಗ್ತಾರೇನವ್ವಾ? ಅದೂ ಒಬ್ಬಾಕಿ. ಆ ರೊಕ್ಕದಾಗ ಬೆಂಗಳೂರು ನೋಡಿ ಬಾ," ಅಂದರು ಕಾಕಾ. ಕಾಲೇಜಿನ ಗೆಳತಿಯರು 80 ಸಾವಿರಕ್ಕಿಂತ ಕಡಿಮೆಗೆ ಸಾಧ್ಯವೇ ಇಲ್ಲ ಅಂದರು. ಶ್ರೀಶೈಲಕ್ಕೆ ನಡೆದು ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗ್ತಾರಲ್ವಾ? ನಾನೂ ಅದನ್ನೇ ಮಾಡಿದ್ದು.

ರೊಕ್ಕ ಬಂದದ್ದೂ ರೊಟ್ಟಿಯಿಂದಲೇ. ಅವ್ವ ಮನೆಯಲ್ಲಿ ಕಡಕ್ ರೊಟ್ಟಿ ತಟ್ಟಿ ಮಾರುತ್ತಾಳೆ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿರುವ ನಮ್ಮ ಕಡೆಯವರಿಗೆ ಪಾರ್ಸಲ್ ಕಳಿಸೋ ಕೆಲಸ ನಾನು ಶುರು ಮಾಡಿದೆ. ನೂರು ರೊಟ್ಟಿಗೆ 700 ಅಂತ ಮಾರಿದ್ರೆ ಜೋಳ, ಗ್ಯಾಸು, ಡಬ್ಬ, ಕೊರಿಯರ್ ಎಲ್ಲ ಹೋಗಿ 250 ಉಳೀತಿತ್ತು. ಪಾರ್ಸಲ್ ಲಾಭ ನನ್ನದು ಅಂತ ಅವ್ವನ ಜೊತೆ ಮಾತಾಗಿತ್ತು. ಸಂಜೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿದೆ. ಹದಿನಾಲ್ಕು ತಿಂಗಳಲ್ಲಿ ಅದೂ ಇದೂ ಸೇರಿ 50 ಸಾವಿರ ದಾಟಿತು. ಅಪ್ಪನ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಇದನ್ನು ಹೇಳಿಕೊಳ್ಳೋಕೆ ನನಗೆ ಹೆಮ್ಮೆ ಇದೆ.

ಈಗ ಆ 9 ಸಾವಿರ. ಮೊದಲ ಸಲ ಅಗ್ಗದ ಟಿಕೆಟ್ ಕಂಡ ಕೂಡಲೇ ಬುಕ್ ಮಾಡಿಬಿಟ್ಟೆ. ಪರೀಕ್ಷೆ ವೇಳಾಪಟ್ಟಿ ಇನ್ನೂ ಬಂದಿರಲಿಲ್ಲ, ಹಿಂದಿನ ವರ್ಷದ ಅಂದಾಜಿನ ಮೇಲೆ ದಿನ ಹಾಕಿದ್ದೆ. ಆ ವರ್ಷ ಪರೀಕ್ಷೆ ಮೂರು ವಾರ ಮುಂದಕ್ಕೆ ಹೋಯಿತು. ನಾನು ಹೊರಡಬೇಕಿದ್ದ ದಿನವೇ ಒಂದು ಪೇಪರ್ ಬಂತು. ಟಿಕೆಟ್ ರಿಫಂಡ್ ಇಲ್ಲದ್ದು. ದಿನ ಬದಲಾಯಿಸೋ ಶುಲ್ಕ ಮತ್ತು ಹೊಸ ದರದ ವ್ಯತ್ಯಾಸ ಕೂಡಿಸಿದ್ರೆ ಹೊಸ ಟಿಕೆಟಿಗಿಂತ ಜಾಸ್ತಿ ಆಗ್ತಿತ್ತು. ಬಿಟ್ಟುಬಿಟ್ಟೆ. ಎರಡು ದಿನ ಊಟ ಸೇರಲಿಲ್ಲ, ಅವ್ವನಿಗೆ ಹೇಳೋಕೆ ಒಂದು ವಾರ ಹಿಡಿಯಿತು. ಅದರ ನಂತರ ನನ್ನ ನಿಯಮ ಒಂದೇ: ಕೊನೆಯ ಪೇಪರ್ ಬರೆದು ಮನೆಗೆ ಬಂದ ಮೇಲೆ ಟಿಕೆಟ್. ದರ ಎರಡು ಸಾವಿರ ಜಾಸ್ತಿ ಆದ್ರೂ ಪರವಾಗಿಲ್ಲ.

ಏಜೆಂಟ್ ದಾರಿಯನ್ನೂ ನೋಡಿದ್ದೆ. ನಮ್ಮ ಊರಿನ ಒಬ್ಬರು ಬ್ಯಾಂಕಾಕ್ ಐದು ದಿನಕ್ಕೆ 62 ಸಾವಿರ ಅಂದರು, ಒಬ್ಬಳೇ ಆದ್ರೆ ರೂಮಿಗೆ ಇನ್ನೂ ಎಂಟು ಸಾವಿರ ಸೇರುತ್ತೆ ಅಂದರು. ಚಹಾ ಕುಡಿದು ಎದ್ದು ಬಂದೆ.

ಪಾಸ್‌ಪೋರ್ಟ್ ಕಲಬುರಗಿಯಲ್ಲೇ ಆಯ್ತು, 1,500 ರೂಪಾಯಿ. ಅದು ಈ 40 ಸಾವಿರದಲ್ಲಿ ಸೇರಿಲ್ಲ, ಎರಡು ವರ್ಷ ಮುಂಚೆ ಮಾಡಿಸಿದ್ದು. ಆದ್ರೆ ಅದರಲ್ಲಿ ಒಂದು ವಿಷಯ ಕೈಕೊಟ್ಟಿತು. ನಮ್ಮ ಕಡೆ ಮಾರ್ಕ್ಸ್ ಕಾರ್ಡಿನಲ್ಲಿ ಒಂದೇ ಹೆಸರು ಇರೋದು ಜಾಸ್ತಿ. ನನ್ನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗ ಖಾಲಿ. ವಿಯೆಟ್ನಾಂ ಇ-ವೀಸಾ ಫಾರಂ ತುಂಬುವಾಗ ಖಾಲಿ ಬಿಡೋಕೆ ಹೆದರಿ ಅಪ್ಪನ ಹೆಸರು ಹಾಕಿದೆ. ವೀಸಾ ಬಂತು, ಪಾಸ್‌ಪೋರ್ಟಿನಲ್ಲಿ ಇಲ್ಲದ ಹೆಸರಿನ ಜೊತೆಗೆ. ಗೆಳತಿಯರು ನಡೆಯುತ್ತೆ ಬಿಡೇ ಅಂದರು. ನನಗೆ ನಿದ್ದೆ ಬರಲಿಲ್ಲ. ಚೆಕ್-ಇನ್‌ನಲ್ಲೇ ತಡೆದರೆ ಟಿಕೆಟ್ ಪೂರ್ತಿ ಹೋಗುತ್ತೆ. ಇನ್ನೊಮ್ಮೆ 25 ಡಾಲರ್ ಕಟ್ಟಿ ಹೊಸದಾಗಿ ಅರ್ಜಿ ಹಾಕಿದೆ, ಐದಾರು ದಿನದಲ್ಲಿ ಸರಿಯಾದ ವೀಸಾ ಬಂತು. ಒಟ್ಟು 4,400 ವೀಸಾಗೇ ಹೋಯಿತು. ಸರ್ಕಾರಿ ವೆಬ್‌ಸೈಟಿನ ಹಾಗೇ ಕಾಣೋ ಖಾಸಗಿ ಸೈಟುಗಳೂ ಇವೆ, 60-70 ಡಾಲರ್ ಕೇಳ್ತವೆ. ಸಿಂಗಲ್ ಎಂಟ್ರಿಗೆ 25ಕ್ಕಿಂತ ಜಾಸ್ತಿ ಕೇಳಿದ್ರೆ ಅದು ಸರ್ಕಾರಿ ಅಲ್ಲ.

ವಿಮಾನ ಹೈದರಾಬಾದಿನಿಂದ ಹೋ ಚಿ ಮಿನ್ ಸಿಟಿಗೆ ನೇರ, ನಾಲ್ಕೂವರೆ ಗಂಟೆ. ಹೋಗಿ ಬರೋಕೆ 14,500, ಚೆಕ್-ಇನ್ ಬ್ಯಾಗ್ ಇಲ್ಲದೆ. ಯಾವ ವಾರ, ಯಾವ ಹೊತ್ತಿಗೆ ದರ ನೋಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ, ತಮ್ಮನಿಗೂ ಹೇಳಿಲ್ಲ. ಆದ್ರೆ ದಿನ ಹೇಗೆ ಆರಿಸಿದೆ ಅಂತ ಹೇಳ್ತೀನಿ. ಪಂಚಾಂಗ ನೋಡಿದೆ! ವಿಯೆಟ್ನಾಮಿನ ಹೊಯ್ ಆನ್ ಅನ್ನೋ ಹಳೇ ಊರಿನಲ್ಲಿ ಹುಣ್ಣಿಮೆ ಹಿಂದಿನ ರಾತ್ರಿ ಕರೆಂಟ್ ದೀಪ ಆರಿಸಿ ಬರೀ ಕಾಗದ, ರೇಷ್ಮೆ ಲಾಟೀನು ಹಚ್ಚುತ್ತಾರೆ. 2025ರಲ್ಲಿ ನಮ್ಮ ಗುರುಪೂರ್ಣಿಮೆ ಜುಲೈ 10ಕ್ಕಿತ್ತು. ಆ ಹೊತ್ತಿಗೆ ಹೊಯ್ ಆನ್‌ನಲ್ಲಿ ಇರೋ ಹಾಗೆ ಹಿಂದಕ್ಕೆ ಲೆಕ್ಕ ಹಾಕಿ ಜೂನ್ ಕೊನೆಗೆ ಹೊರಟೆ.

ರೊಟ್ಟಿ ಕಟ್ಟೋದನ್ನು ವಿವರವಾಗಿ ಹೇಳಬೇಕು, ಅದಕ್ಕೆ ಎಷ್ಟೋ ತಿಂಗಳು ಪ್ರಯೋಗ ಮಾಡಿದ್ದೀನಿ. ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿದ ಮೊದಲ ಪಾರ್ಸಲ್ಲುಗಳು ಮಳೆಗಾಲದಲ್ಲಿ ಮೆತ್ತಗಾದವು. ಪೇಪರಿನಲ್ಲಿ ಸುತ್ತಿದ್ದು ಪುಡಿಯಾಯಿತು. ಈಗ ರೊಟ್ಟಿಯನ್ನು ಬಿಸಿ ಪೂರ್ತಿ ಆರಿದ ಮೇಲೆ ಇನ್ನೊಮ್ಮೆ ಕಾದ ಹಂಚಿಗೆ ತೋರಿಸಿ, ನಾಲ್ಕು ಚೂರು ಮಾಡಿ, ಹಳೇ ಇಳಕಲ್ ಸೀರೆಯ ಬಟ್ಟೆಯಲ್ಲಿ ಸುತ್ತಿ, ಮೇಲೆ ಜಿಪ್ ಚೀಲ ಹಾಕ್ತೀನಿ. ಗುಂಡಗೆ ಇಡಬೇಕು ಅನ್ನೋ ಆಸೆ ಬಿಡಬೇಕು, ಚೂರು ಮಾಡಿದ್ರೆ ಬ್ಯಾಗಿನ ಬೆನ್ನಿನ ಕಡೆ ಚಪ್ಪಟೆಯಾಗಿ ಕೂರುತ್ತೆ. ನಲವತ್ತು ರೊಟ್ಟಿ ಒಯ್ದೆ. ಹಿಟ್ಟಿಗೆ ಅವ್ವ ಏನು ಸೇರಿಸ್ತಾಳೆ ಅನ್ನೋದು ವ್ಯಾಪಾರದ ಗುಟ್ಟು, ಕೇಳಬೇಡಿ.

ಜೊತೆಗೆ ಅರ್ಧ ಕೆಜಿ ಶೇಂಗಾ ಹಿಂಡಿ, ಅಂದ್ರೆ ಶೇಂಗಾ ಚಟ್ನಿಪುಡಿ, ಇಟ್ಟಿದ್ದೆ. ಏರ್‌ಪೋರ್ಟ್ ಸೆಕ್ಯುರಿಟಿಯಲ್ಲಿ ಅದನ್ನು ತೆಗೆದಿಟ್ಟುಕೊಂಡರು. ಖಾರದ ಪುಡಿ ಕೈಬ್ಯಾಗಿನಲ್ಲಿ ಬಿಡೋದಿಲ್ಲ. ನನಗೆ ಗೊತ್ತಿರಬೇಕಿತ್ತು. ಅವ್ವ ಬೆಳಗಿನ ಜಾವ ಎದ್ದು ಕುಟ್ಟಿದ ಹಿಂಡಿ ಕಸದ ಡಬ್ಬಿಗೆ ಬಿದ್ದಾಗ ಕಣ್ಣಲ್ಲಿ ನೀರು ಬಂತು. ರೊಟ್ಟಿ, ಬೆಲ್ಲ, ಹುರಿದ ಶೇಂಗಾ ಮಾತ್ರ ಉಳಿಯಿತು. ಇಮಿಗ್ರೇಷನ್‌ನಲ್ಲಿ ರಿಟರ್ನ್ ಟಿಕೆಟ್, ಹಾಸ್ಟೆಲ್ ಬುಕಿಂಗ್, ಕಾಲೇಜಿನ ಬೋನಾಫೈಡ್ ಕೇಳಿದರು. ಎಲ್ಲ ಪ್ರಿಂಟ್ ಇತ್ತು, ಐದು ನಿಮಿಷದಲ್ಲಿ ಬಿಟ್ಟರು.

ಹಣ ಡಾಲರಿನಲ್ಲಿ ಒಯ್ದೆ, 250. ನೂರರ ನೋಟಿಗೆ ಒಳ್ಳೇ ದರ ಸಿಗುತ್ತೆ, ಮಡಿಕೆ ಇದ್ದರೆ ಮುಖ ತಿರುಗಿಸ್ತಾರೆ. ಅದಕ್ಕೆ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟಿದ್ದೆ. ಒಂದೇ ಒಂದು ಸಲ ಎಟಿಎಂನಿಂದ ಇಪ್ಪತ್ತು ಲಕ್ಷ ಡಾಂಗ್ (ಅಲ್ಲಿನ ರೊಕ್ಕ) ತೆಗೆದೆ. ಅಲ್ಲಿನ ಶುಲ್ಕ, ನಮ್ಮ ಬ್ಯಾಂಕಿನ ಶುಲ್ಕ, ಮೇಲೆ ಹಣ ಬದಲಾಯಿಸಿದ್ದಕ್ಕೆ ಮೂರೂವರೆ ಪರ್ಸೆಂಟ್ ಸೇರಿ 500ಕ್ಕೂ ಜಾಸ್ತಿ ಹೋಯಿತು. ಒಂದು ರಾತ್ರಿಯ ಮಂಚದ ಬಾಡಿಗೆ ಅದು. ಡಾಂಗ್ ಲೆಕ್ಕ ಸುಲಭ: ಮೂರು ಸೊನ್ನೆ ತೆಗೆದು, ಮೂರರಿಂದ ಗುಣಿಸಿ, ಅದರ ಹತ್ತನೇ ಒಂದು ಭಾಗ ಕೂಡಿಸಿ. ಒಂದು ಲಕ್ಷ ಡಾಂಗ್ ಅಂದ್ರೆ ಆಗ ಸುಮಾರು 330 ರೂಪಾಯಿ.

ಸೈಗಾನ್ (ಹೋ ಚಿ ಮಿನ್ ಸಿಟಿಯ ಹಳೇ ಹೆಸರು) ಏರ್‌ಪೋರ್ಟಿನಿಂದ ಟ್ಯಾಕ್ಸಿ ಬೇಡ, ಊರೊಳಗೆ ಸಿಟಿ ಬಸ್ ಹೋಗುತ್ತೆ, ಐವತ್ತು ರೂಪಾಯಿ ಒಳಗೆ. ಹಾಸ್ಟೆಲ್ಲಿನ ಹೆಣ್ಣುಮಕ್ಕಳ ಡಾರ್ಮ್‌ನಲ್ಲಿ, ಅಂದ್ರೆ ಹಲವರು ಮಲಗೋ ರೂಮಿನಲ್ಲಿ, ಒಂದು ರಾತ್ರಿಗೆ ಮಂಚಕ್ಕೆ 500ರ ಸುತ್ತಮುತ್ತ. ಹದಿಮೂರರಲ್ಲಿ ಮೂರು ರಾತ್ರಿ ಬಸ್ಸು, ರೈಲಿನಲ್ಲೇ ಕಳೆದೆ: ಸೈಗಾನಿನಿಂದ ದಾಲಾತ್‌ಗೆ ಸ್ಲೀಪರ್ ಬಸ್ಸು, ನ್ಯಾ ಚಾಂಗ್‌ನಿಂದ ಹೊಯ್ ಆನ್ ಹತ್ತಿರದ ದಾನಾಂಗ್‌ಗೆ ರೈಲು, ವಾಪಸ್ ದಾನಾಂಗ್‌ನಿಂದ ಸೈಗಾನಿಗೆ ಹದಿನೇಳು ಹದಿನೆಂಟು ಗಂಟೆ ರೈಲು, ಕೂರೋ ಸೀಟಿನಲ್ಲಿ. ಈ ಕೊನೆಯದ್ದು ತಪ್ಪಾಯಿತು. ಸೊಂಟ ಹಿಡಿದುಕೊಂಡಿತು. ಇನ್ನೊಂದು ಆರುನೂರು ಏಳುನೂರು ಕೊಟ್ಟು ಮಲಗೋ ಬರ್ತ್ ತಗೋಬೇಕಿತ್ತು, ಅಲ್ಲಿ ಉಳಿತಾಯ ಮಾಡಬೇಡಿ. ಸ್ಕೂಟರ್ ಬಾಡಿಗೆಗೆ ತಗೊಳ್ಳಲಿಲ್ಲ. ಅಲ್ಲಿ 1968ರ ಒಪ್ಪಂದದ ಅಂತರರಾಷ್ಟ್ರೀಯ ಲೈಸೆನ್ಸ್ ಬೇಕು, ನಮ್ಮ ದೇಶ ಕೊಡೋದು 1949ರದ್ದು. ಬಿದ್ದರೆ ಇನ್ಶೂರೆನ್ಸ್ ಕೈ ಎತ್ತುತ್ತೆ. ಸೈಕಲ್ ತುಳಿದೆ.

ಊಟದ ಬಗ್ಗೆ ಹೆದರಿಸಿದವರೇ ಜಾಸ್ತಿ. ನಾನು ಮಾಂಸ ಮುಟ್ಟೋದಿಲ್ಲ. ಆದ್ರೆ ಅಲ್ಲಿ 'ಚಾಯ್' ಅಂತ ಬೋರ್ಡ್ ಇದ್ದರೆ ಸಸ್ಯಾಹಾರ ಅಂತ ಅರ್ಥ. ನಮ್ಮಲ್ಲಿ ಚಾಯ್ ಅಂದ್ರೆ ಚಹಾ, ಅದಕ್ಕೆ ಒಂದೇ ಸಲಕ್ಕೆ ನೆನಪಿನಲ್ಲಿ ಉಳಿಯಿತು. ಬೌದ್ಧರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಗೆ ಚಾಯ್ ಊಟ ಮಾಡ್ತಾರೆ, ಆ ದಿನ ಅಂಗಡಿಗಳಲ್ಲಿ ಕೂರೋಕೆ ಜಾಗ ಇರೋದಿಲ್ಲ. ಅನ್ನ, ಸೊಪ್ಪು, ಟೊಮೆಟೊ ಗೊಜ್ಜಿನಲ್ಲಿ ಬೇಯಿಸಿದ ತೋಫು (ಸೋಯಾ ಪನೀರು), ಒಂದು ತಟ್ಟೆಗೆ ನೂರರಿಂದ ನೂರಾ ಮೂವತ್ತು ರೂಪಾಯಿ. ಹೊರಗಿನ ಊಟ ದಿನಕ್ಕೆ ಒಂದೇ. ಇನ್ನೊಂದು ಹೊತ್ತಿಗೆ ರೊಟ್ಟಿ. ಆ ತೋಫು ಗೊಜ್ಜು ಪಾರ್ಸಲ್ ತಂದು ರೊಟ್ಟಿ ಮುರಿದು ಅದರಲ್ಲಿ ಎರಡು ನಿಮಿಷ ನೆನೆಯಲು ಬಿಟ್ಟರೆ ಎಣ್ಣೆಗಾಯಿ ನೆನಪಾಗದೆ ಇರೋದಿಲ್ಲ.

ದಾಲಾತ್‌ನಲ್ಲಿ ಒಂದು ಸಣ್ಣ ಚಾಯ್ ಅಂಗಡಿಯ ಅಜ್ಜಿ ನನ್ನ ರೊಟ್ಟಿ ಚೂರನ್ನು ಕೈಗೆ ತಗೊಂಡು, ಕಿವಿ ಹತ್ತಿರ ಹಿಡಿದು ಲಟಕ್ ಅಂತ ಮುರಿದು ನೋಡಿದಳು. ಒಳಗೆ ಹೋಗಿ ಎಳ್ಳು ಹಚ್ಚಿ ಸುಟ್ಟ ಅಕ್ಕಿ ಹಪ್ಪಳ ತಂದು ಹಾಗೇ ಮುರಿದು ತೋರಿಸಿದಳು. ಆಮೇಲೆ ಒಂದು ಬಟ್ಟಲಲ್ಲಿ ಪುಡಿ ಕೊಟ್ಟಳು: ಹುರಿದ ಶೇಂಗಾ, ಎಳ್ಳು, ಉಪ್ಪು, ಚೂರು ಸಕ್ಕರೆ. ಬಾಯಿಗೆ ಹಾಕಿದ್ರೆ ನಮ್ಮ ಹಿಂಡಿಯೇ, ಖಾರ ಒಂದಿಲ್ಲ! ಮುಯ್ ಮೆ ಅಂತ ಹೆಸರು. ಅಂಗಡಿಗಳಲ್ಲಿ ಪ್ಯಾಕೆಟ್ ಸಿಗುತ್ತೆ. ಮುಂದಿನ ಎಲ್ಲಾ ದಿನ ರೊಟ್ಟಿಗೆ ಅದೇ.

ಲಾಟೀನು ರಾತ್ರಿ ಚೆನ್ನಾಗಿತ್ತು, ಜನ ಬಹಳ. ನನ್ನ ಮನಸ್ಸಲ್ಲಿ ಉಳಿದದ್ದು ಮೀ ಸೋನ್. ಹೊಯ್ ಆನ್‌ನಿಂದ 40 ಕಿಮೀ ಚಿಲ್ಲರೆ, ಪ್ರವೇಶ ಒಂದೂವರೆ ಲಕ್ಷ ಡಾಂಗ್, 500 ರೂಪಾಯಿ. ನಾಲ್ಕನೇ ಶತಮಾನದಿಂದ ಅಲ್ಲಿನ ಹಳೇ ಚಂಪಾ ರಾಜ್ಯದ ರಾಜರು ಕಟ್ಟಿಸಿದ ಶಿವನ ಗುಡಿಗಳು. ಇಟ್ಟಿಗೆಗಳ ನಡುವೆ ಗಾರೆ ಕಾಣೋದೇ ಇಲ್ಲ, ಸಂದಿಗೆ ಉಗುರು ಹಾಕಿ ನೋಡಿದೆ, ಹೋಗಲಿಲ್ಲ. 1969ರಲ್ಲಿ ಅಮೆರಿಕದ ಬಾಂಬ್ ಬಿದ್ದ ಹೊಂಡಗಳು ಪಕ್ಕದಲ್ಲೇ ಇವೆ, ಹುಲ್ಲು ಬೆಳೆದಿದೆ. ಕೆಲವು ಗುಡಿಗಳನ್ನು ನಮ್ಮ ಪುರಾತತ್ವ ಇಲಾಖೆಯವರೇ ಹೋಗಿ ದುರಸ್ತಿ ಮಾಡಿದ್ದಾರೆ, 2020ರಲ್ಲಿ ಅಗೆಯುವಾಗ ಒಂಬತ್ತನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯವಳು ನಾನು. ಇಷ್ಟು ದೂರ ಬಂದು ಲಿಂಗದ ಮುಂದೆ ನಿಂತಾಗ ಸುಮ್ನೆ ಕೈ ಮುಗಿದೆ, ಬಹಳ ಹೊತ್ತು ಅಲ್ಲೇ ಕೂತಿದ್ದೆ. ಬಸ್ಸಿನವರು ಕರೆಯೋವರೆಗೂ ಎದ್ದಿಲ್ಲ.

ಖರ್ಚು ನೆನಪಿನಿಂದ: ವಿಮಾನ 14,500, ವೀಸಾ 4,400, ಅಲ್ಲಿನ ಬಸ್ಸು ರೈಲು ಆರು ಸಾವಿರ ಚಿಲ್ಲರೆ, ಮಂಚ ಐದು ಸಾವಿರ ಚಿಲ್ಲರೆ, ಊಟ ನಾಲ್ಕು ಸಾವಿರ. ಪ್ರವೇಶ ಟಿಕೆಟ್, ಸಿಮ್, ಇನ್ಶೂರೆನ್ಸ್, ಹೈದರಾಬಾದಿಗೆ ಹೋಗಿ ಬರೋದು ಎಲ್ಲ ಉಳಿದದ್ದರಲ್ಲಿ. ವೀಸಾ ತಪ್ಪು ಮಾಡದಿದ್ದರೆ 38ಕ್ಕೆ ಮುಗೀತಿತ್ತು. ಈಗ ಕಾಕಾ ತಮ್ಮ ಮಗಳ ಪಾಸ್‌ಪೋರ್ಟಿಗೆ ಯಾವ ಯಾವ ಕಾಗದ ಬೇಕು ಅಂತ ಕೇಳ್ತಿದ್ದಾರೆ.

ಬರುವಾಗ ಒಂದು ಪ್ಯಾಕೆಟ್ ಮುಯ್ ಮೆ ತಂದಿದ್ದೆ. ಅವ್ವ ಅಂಗೈಗೆ ಹಾಕಿಕೊಂಡು, ಮೂಸಿ, ನಾಲಿಗೆಗೆ ಇಟ್ಟು ನೋಡಿದಳು. "ಉಪ್ಪು ಜರಾ ಜಾಸ್ತಿ ಆಗ್ಯಾದ. ಎಳ್ಳು ಛಲೋ ಹುರದಾರ," ಅಂದಳು.