ಶಿಡ್ಲಘಟ್ಟದ ಹಬೆಯಲ್ಲಿ ಉಳಿದ ಲೆನ್ಸ್

ನನ್ನ ಹೊಟ್ಟೆಪಾಡು ಮದುವೆ ಫೋಟೋ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಛತ್ರಗಳಲ್ಲಿ ಯಾವ ಮೂಲೆಯಲ್ಲಿ ಬೆಳಕು ಕೈಕೊಡುತ್ತದೆ ಅಂತ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಅಲ್ಲಿ ಆಟೋಫೋಕಸ್ ಇಲ್ಲದೆ ನಡೆಯುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಫೋಕಸ್ ರಿಂಗ್ ತಿರುಗಿಸುತ್ತಾ ಕೂತರೆ ಹುಡುಗಿಯ ಅಪ್ಪ ಸುಮ್ನೆ ಬಿಡ್ತಾರಾ? ಆದರೆ ಆಷಾಢದಲ್ಲಿ ಮದುವೆ ಇಲ್ಲ. ಆ ತಿಂಗಳು ನಾನು ರೇಂಜ್‌ಫೈಂಡರ್ ಕ್ಯಾಮೆರಾ ಹಿಡಿದು ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಯೂನಿಟ್‌ಗಳಿಗೆ, ಅಂದರೆ ಗೂಡಿನಿಂದ ನೂಲು ತೆಗೆಯುವ ಕಡೆ, ಹೋಗುತ್ತೇನೆ.

ಕ್ಯಾಮೆರಾ ಬೆಸ್ಸಾ ಆರ್2ಎ, ಸೆಕೆಂಡ್ ಹ್ಯಾಂಡ್. ಲೈಕಾ ಎಂ ಮೌಂಟ್ (ಲೆನ್ಸ್ ಕೂರುವ ಬಾಯಿ) ಇರುವುದರಿಂದ ಲೈಕಾ ಲೆನ್ಸೂ ಕೂರುತ್ತದೆ, ಆದರೆ ಹೊಸ ಲೈಕಾ ಲೆನ್ಸ್ ಒಂದರ ದುಡ್ಡಿಗೆ ನಮ್ಮೂರಲ್ಲಿ ಎರಡು ಬೈಕ್ ಬರುತ್ತವೆ. ಹಾಗಾಗಿ ಮೊದಲಿನಿಂದಲೂ ಬೇರೆ ಕಂಪನಿಗಳ ಲೆನ್ಸೇ ನನಗೆ ಗತಿ. ಐದಾರು ಬಂದವು, ಹೋದವು. ಕೈಯಲ್ಲಿ ಉಳಿದದ್ದು ಮೂರು, ಪ್ರೀತಿ ಉಳಿದದ್ದು ಒಂದರ ಮೇಲೆ.

ರೇಂಜ್‌ಫೈಂಡರ್ ಹಿಡಿಯದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ಲೆನ್ಸ್ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯಿಂದ ನೋಡುತ್ತೇವೆ. ನಡುವೆ ಒಂದು ಹಳದಿ ಮಿಶ್ರಿತ ಚೌಕ. ಅದರಲ್ಲಿ ಎಲ್ಲವೂ ಎರಡೆರಡು ಕಾಣುತ್ತವೆ, ರಿಂಗ್ ತಿರುಗಿಸಿ ಎರಡನ್ನೂ ಒಂದು ಮಾಡಿದರೆ ಫೋಕಸ್. ಲೆನ್ಸ್ ಹಿಂದಿನ ಕ್ಯಾಮ್ (ರಿಂಗ್ ತಿರುಗಿದಂತೆ ಹಿಂದೆ ಮುಂದೆ ಸರಿಯುವ ಅಂಚು) ಕ್ಯಾಮೆರಾ ಒಳಗಿರುವ ಸಣ್ಣ ಉರುಳೆಯನ್ನು ತಳ್ಳುತ್ತದೆ, ಅದು ಎಷ್ಟು ತಳ್ಳಿತೋ ಅಷ್ಟನ್ನು ಕ್ಯಾಮೆರಾ ಕಣ್ಣುಮುಚ್ಚಿ ನಂಬುತ್ತದೆ. ಲೆನ್ಸ್ ಸುಳ್ಳು ಹೇಳಿದರೆ ಕಿಟಕಿಯಲ್ಲಿ ಎಲ್ಲ ಚೆನ್ನಾಗೇ ಕಾಣುತ್ತದೆ, ಫಿಲ್ಮ್ ತೊಳೆಸಿದಾಗಲೇ ಬಂಡವಾಳ ಬಯಲು.

ನನಗೆ ಹಾಗೇ ಆಯಿತು. ರೀಲಿಂಗ್ ಯೂನಿಟ್ ಒಳಗೆ ಒಂದು ಟ್ಯೂಬ್‌ಲೈಟ್, ಬಿಸಿ ನೀರಿನ ಬೇಸಿನ್‌ಗಳಿಂದ ಏಳುವ ಹಬೆ, ಬೆಂದ ಹುಳದ ವಾಸನೆ. ಕತ್ತಲೆ ಅಂತ ಒಂದು ಚೀನಾ ಲೆನ್ಸ್ ತರಿಸಿದೆ. ಹೆಸರು ಬೇಡ. 50 ಎಂಎಂ, ಅಪರ್ಚರ್ (ಬೆಳಕು ಬಿಡುವ ಕಿಂಡಿ) 1.4. ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಮೊದಲ ರೋಲ್‌ನಲ್ಲಿ ಗೂಡು ಬಿಡಿಸುವ ಅಕ್ಕನ ಕೈ ತೆಗೆದಿದ್ದೆ. ಮುಂದೆ ತೇಲುತ್ತಿದ್ದ ಗೂಡುಗಳು ಚೂಪಾಗಿದ್ದವು, ಬೆರಳುಗಳು ಬೆಣ್ಣೆಯಂತೆ ಕರಗಿದ್ದವು. ಮೂವತ್ತಾರು ಫ್ರೇಮಿನಲ್ಲಿ ನಾಲ್ಕೈದು ಉಳಿದವು. ಫಿಲ್ಮ್ ರೇಟು ಗೊತ್ತಲ್ಲ, ಹೊಟ್ಟೆ ಉರಿಯಿತು.

ಆಮೇಲೆ ಮನೆಯಲ್ಲಿ ಪರೀಕ್ಷೆ ಮಾಡಿದೆ. ಕ್ಯಾಮೆರಾದ ಹಿಂದಿನ ಬಾಗಿಲು ತೆಗೆದು, ಫಿಲ್ಮ್ ಓಡುವ ಹಳಿಗಳ ಮೇಲೆ ಮಬ್ಬು ಸೆಲೋಟೇಪನ್ನು ಬಿಗಿಯಾಗಿ ಅಂಟಿಸಿ, ಶಟರ್ 'ಬಿ'ಯಲ್ಲಿಟ್ಟು ಕೇಬಲ್ ರಿಲೀಸ್‌ನಿಂದ ತೆರೆದು ಹಿಡಿದರೆ ಟೇಪಿನ ಮೇಲೆ ಚಿತ್ರ ಮೂಡುತ್ತದೆ. ಅದನ್ನು ಇನ್ನೊಂದು 50 ಎಂಎಂ ಲೆನ್ಸ್ ತಿರುಗಿಸಿ ಹಿಡಿದು ಭೂತಗನ್ನಡಿ ಮಾಡಿಕೊಂಡು ನೋಡಬೇಕು. ಒಂದು ಮೀಟರ್ ದೂರದಲ್ಲಿ ಅಡಿಪಟ್ಟಿಯನ್ನು ಓರೆಯಾಗಿ ಇಟ್ಟೆ. ಕಿಟಕಿಯಲ್ಲಿ 15ನೇ ಗೆರೆಗೆ ಫೋಕಸ್ ಮಾಡಿದರೆ ಟೇಪಿನ ಮೇಲೆ 11ರ ಹತ್ತಿರ ಚೂಪು. ಆ ಲೆನ್ಸಿನ ಕ್ಯಾಮ್‌ಗೆ ತಿರುಪು ಇತ್ತು, ಕೂದಲೆಳೆಯಷ್ಟು ತಿರುಗಿಸುವುದು, ಮತ್ತೆ ನೋಡುವುದು. ಒಂದು ಭಾನುವಾರ ಪೂರ್ತಿ ಹೋಯಿತು. ಒಂದು ಮೀಟರ್‌ಗೆ ಸರಿ ಬಂತು, ಅನಂತಕ್ಕೆ (ತುಂಬಾ ದೂರಕ್ಕೆ) ಸ್ವಲ್ಪ ತಪ್ಪಿತು. ಹತ್ತಿರದ ಕೆಲಸವೇ ಜಾಸ್ತಿ ಅಂತ ಹಾಗೇ ಬಿಟ್ಟೆ.

ಸರಿ ಮಾಡಿದ ಮೇಲೂ ಅದು ಅಷ್ಟಕ್ಕಷ್ಟೆ, ಯಾಕೆ ಅಂತ ಲೆಕ್ಕ ಹಾಕಿದಾಗ ತಿಳಿಯಿತು. 50 ಎಂಎಂ ಲೆನ್ಸ್ 1.4ರಲ್ಲಿ ಒಂದು ಮೀಟರ್ ದೂರಕ್ಕೆ ಚೂಪಾಗಿ ಕೊಡುವುದು ಸುಮಾರು ಮೂರು ಸೆಂಟಿಮೀಟರ್ ಆಳ. 35 ಎಂಎಂ ಲೆನ್ಸ್ 2.5ರಲ್ಲಿ ಸುಮಾರು ಹನ್ನೆರಡು. ಬೆಸ್ಸಾದ ರೇಂಜ್‌ಫೈಂಡರ್ ಕಿಟಕಿಗಳ ಅಂತರವೂ ಕಡಿಮೆ. ಆ ಅಂತರವನ್ನು ಫೈಂಡರಿನ ಹಿಗ್ಗುವಿಕೆಯಿಂದ ಗುಣಿಸಿದರೆ ಬರುವ ಅಳತೆ ಇದರಲ್ಲಿ ಸುಮಾರು 26 ಎಂಎಂ, ಲೈಕಾ ಎಂ6ರಲ್ಲಿ ಸುಮಾರು 50. ಅದು ದೊಡ್ಡದಾದಷ್ಟೂ ಫೋಕಸ್ ನಿಖರ. ಅರ್ಧ ನಿಖರತೆಯ ಕ್ಯಾಮೆರಾಗೆ ಮೂರು ಸೆಂಟಿಮೀಟರ್ ಲೆನ್ಸ್ ಕಟ್ಟಿದ್ದು ನನ್ನದೇ ತಪ್ಪು, ಅಲ್ವಾ?

ಹಾಗೆ ಮನಸ್ಸು ಕೂತದ್ದು ವಾಯ್ಟ್‌ಲೆಂಡರ್ ಕಲರ್ ಸ್ಕೋಪಾರ್ 35 ಎಂಎಂ, 2.5. ಹೆಸರು 1756ರಲ್ಲಿ ವಿಯೆನ್ನಾದಲ್ಲಿ ಶುರುವಾದ ಕಂಪನಿಯದು, ಆದರೆ 1999ರಿಂದ ಆ ಹೆಸರಲ್ಲಿ ಇಂಥ ಲೆನ್ಸ್ ಮಾಡುತ್ತಿರುವುದು ಜಪಾನಿನ ಕೊಸಿನಾ. ತೂಕ 134 ಗ್ರಾಂ. ಅಂಗೈಯಲ್ಲಿ ಮುಚ್ಚಿಕೊಂಡರೆ ಕಾಣುವುದಿಲ್ಲ. ಅದನ್ನು ಕಂಡು ಯೂನಿಟ್ ಮಾಲೀಕರು ನಕ್ಕರು. "ಏನ್ ಸಾರ್, ಮದುವೇಗೆ ಫಿರಂಗಿ ತರ್ತೀರಾ, ನಮ್ಮಲ್ಲಿಗೆ ಮಾತ್ರ ಇಷ್ಟೇನಾ?" ನಕ್ಕರೆ ನಗಲಿ, ಫಿರಂಗಿ ತಂದಾಗ ಎಲ್ಲರೂ ಕೆಲಸ ನಿಲ್ಲಿಸಿ ಪೋಸು ಕೊಡುತ್ತಿದ್ದರು, ಈಗ ಎರಡು ನಿಮಿಷಕ್ಕೆ ನನ್ನನ್ನು ಮರೆಯುತ್ತಾರೆ. ಐಎಸ್‌ಒ 400ರ ಫಿಲ್ಮ್, ಶಟರ್ 1/30 ಸೆಕೆಂಡ್, ಗೋಡೆಗೆ ಒರಗಿ ಉಸಿರು ಹಿಡಿದರೆ ಸಾಕು. ಅಪರ್ಚರ್ ಪೂರ್ತಿ ತೆರೆದಾಗ ಮೂಲೆಗಳು ಕಪ್ಪಾಗುತ್ತವೆ. ಆ ಕತ್ತಲೆ ಕೋಣೆಗೆ ಅದು ಚೆನ್ನಾಗೇ ಹೊಂದುತ್ತದೆ.

ಮೂರನೆಯದು ಜೂಪಿಟರ್-8, 50 ಎಂಎಂ, 2. ಸೋವಿಯತ್ ಕಾಲದ್ದು, ಜರ್ಮನಿಯ ಜೈಸ್ ಕಂಪನಿಯ ಸೋನಾರ್ ವಿನ್ಯಾಸದ ಮೇಲೆ ಮಾಡಿದ್ದು. 39 ಎಂಎಂ ತಿರುಪಿನ ಲೆನ್ಸ್, ಒಂದು ಮಿಲಿಮೀಟರ್ ದಪ್ಪದ ಉಂಗುರ ಹಾಕಿದರೆ ಎಂ ಮೌಂಟಿಗೆ ಕೂರುತ್ತದೆ. ಆದರೆ ಇದರ ಫೋಕಸ್ ಲೆಕ್ಕ ಲೈಕಾ ಲೆಕ್ಕಕ್ಕೆ ಪೂರ್ತಿ ಕೂಡುವುದಿಲ್ಲ, ದೂರಕ್ಕೆ ಸರಿ, ಹತ್ತಿರ ಬಂದಷ್ಟೂ ತಪ್ಪು. ಅದಕ್ಕೇ ಇದನ್ನು ಅಡಾಪ್ಟರ್ ಹಾಕಿ ಮದುವೆಯ ಡಿಜಿಟಲ್ ಕ್ಯಾಮೆರಾ ಸೋನಿ ಎ7 ಮೇಲೆ ಕೂರಿಸುತ್ತೇನೆ. ಮಿರರ್‌ಲೆಸ್‌ನಲ್ಲಿ ಲೆನ್ಸ್ ಮೂಲಕವೇ ನೋಡುವುದರಿಂದ ಕ್ಯಾಮ್ ಜಗಳವೇ ಇಲ್ಲ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬೀಳಲು ಒಪ್ಪಿಗೆ ಕೊಡಿ, ಕ್ಯಾಮೆರಾದೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇರುವ ಮಾದರಿಯಾದರೆ ಅಲ್ಲಿ 50 ಅಂತ ನೀವೇ ತುಂಬಿ. ಅಗಲ ನೋಟದ (ವೈಡ್) ರೇಂಜ್‌ಫೈಂಡರ್ ಲೆನ್ಸ್ ಮಾತ್ರ ಅಲ್ಲಿ ಹಾಕುವ ಮುಂಚೆ ಯೋಚಿಸಿ, ಸೆನ್ಸರ್ ಮುಂದಿನ ಗಾಜು ದಪ್ಪ, ಮೂಲೆಗಳು ಕಲಸಿಹೋಗುತ್ತವೆ. ಇನ್ನೊಂದು, ಲೆದರ್ ಪೌಚಿನಲ್ಲಿ ಲೆನ್ಸ್ ಇಡಬೇಡಿ. ಜೂಪಿಟರ್ ಒಳಗೆ ಫಂಗಸ್ ರಂಗೋಲಿ ಬಿಟ್ಟದ್ದು ಅಲ್ಲೇ. ಈಗ ಮೂರೂ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ.

ಹಬೆಗೆ ಉಪಾಯ ಅಂತ ಏನಿಲ್ಲ. ಒಳಗೆ ಹೋದ ತಕ್ಷಣ ಗಾಜು ಬೆವರುತ್ತದೆ. ಅಂಗಿಯಲ್ಲಿ ಒರೆಸದೆ, ಒಂದು ಟೀ ಕುಡಿಯುವಷ್ಟು ಹೊತ್ತು ಕ್ಯಾಮೆರಾನೂ ಅಲ್ಲೇ ಬಿಸಿಯಾಗಲು ಬಿಡುತ್ತೇನೆ.

ಈ ಆಷಾಢದಲ್ಲೂ ಒಂದು ಫ್ರೇಮ್ ಕಾಡಿಸಿತು. ಬೇಸಿನ್ನಿಂದ ಐದಾರು ಎಳೆ ಒಂದರ ಪಕ್ಕ ಒಂದು ನೆಟ್ಟಗೆ ಮೇಲೇಳುತ್ತವೆ. ಚೌಕದಲ್ಲಿ ಒಂದರ ಬಿಂಬ ಪಕ್ಕದ್ದರ ಮೇಲೆ ಕೂತರೂ ಫೋಕಸ್ ಆಯಿತು ಅನ್ನಿಸುತ್ತದೆ. ಎರಡು ಸಲ ಮೋಸ ಹೋದೆ. ನೋಡುತ್ತಿದ್ದ ಅಕ್ಕ "ಏನಣ್ಣಾ ಅಷ್ಟು ಹೊತ್ತು?" ಅಂದರು. ಕ್ಯಾಮೆರಾ ಕೊಟ್ಟೆ. ಬಿಸಿ ನೀರಲ್ಲಿ ನೆನೆದು ಬಿಳಿಚಿ ಸುಕ್ಕಾದ ಬೆರಳನ್ನು ಸೆರಗಿಗೆ ಒರೆಸಿಕೊಂಡು ರಿಂಗ್ ತಿರುಗಿಸಿದರು. "ಎಳೆ ನೋಡ್ಬೇಡ, ಆ ಗಂಟು ನೋಡು. ಗಂಟು ಒಂದೇ ಇರೋದು." ನಿಜ, ನಡುವಿನ ಎಳೆಯಲ್ಲಿ ಒಂದು ಸಣ್ಣ ಗಂಟು ಮೇಲೇರುತ್ತಿತ್ತು. ನಾನು ಕ್ಯಾಮೆರಾ ವಾಪಸ್ ತಗೊಳ್ಳುವಷ್ಟರಲ್ಲಿ ಅದು ರಾಟೆಗೆ ಸುತ್ತಿಕೊಂಡಿತ್ತು. ಮುಂದಿನ ಗಂಟಿಗೆ ಕಾಯುತ್ತಾ ನಿಂತೆ.