ಕ್ಯಾಂಪಸ್ಸಿನಲ್ಲಿ ಗರ್ಭಪಾತದ ವಿರುದ್ಧ ಮಾತಾಡುವುದು ಹೇಗೆ?

ಗುಲ್ಬರ್ಗಾ ವಿವಿಯಾಗಲಿ, ಕಡಗಂಚಿಯ ಕೇಂದ್ರೀಯ ವಿವಿಯಾಗಲಿ, ಮೊದಲು ಆಡಳಿತದವರಿಂದ ಲಿಖಿತ ಅನುಮತಿ ಪಡೆಯಿರಿ. ಇಲ್ಲದಿದ್ದರೆ ಸೆಕ್ಯುರಿಟಿಯವರ ಜೊತೆ ವಾದ ಮಾಡುವುದರಲ್ಲೇ ದಿನ ಮುಗಿಯುತ್ತದೆ. ಪಾಂಪ್ಲೆಟ್ ಹಂಚುವ ಟೇಬಲ್ ಬೆಳಿಗ್ಗೆಯೇ ಹಾಕಿ, ಬೇವಿನ ನೆರಳಲ್ಲಿ. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಯಾರೂ ನಿಲ್ಲುವುದಿಲ್ಲ.

ಕಾನೂನು ಸರಿಯಾಗಿ ಓದಿಕೊಳ್ಳಿ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಮತ್ತು 2021ರ ತಿದ್ದುಪಡಿ ಪ್ರಕಾರ, ನಿಗದಿತ ಕಾರಣಗಳಿದ್ದರೆ 20 ವಾರದವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ವರ್ಗದವರಿಗೆ 24 ವಾರದವರೆಗೂ ಅವಕಾಶವಿದೆ, ಅದಕ್ಕೆ ಇಬ್ಬರು ವೈದ್ಯರು ಬೇಕು. ಮದುವೆಯಾಗದವರಿಗೂ ಇದು ಅನ್ವಯ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಇಷ್ಟವಿಲ್ಲ, ಸರಿ. ಆದರೆ 'ಇದು ಅಪರಾಧ' ಅಂತ ಸುಳ್ಳು ಹೇಳಬೇಡಿ. ಭ್ರೂಣಲಿಂಗ ಪತ್ತೆ ಮಾತ್ರ 1994ರ ಕಾಯ್ದೆಯಡಿ ಅಪರಾಧವೇ. ಮಾತು ಅಲ್ಲಿಂದ ಶುರು ಮಾಡಿದರೆ ನಿಮ್ಮನ್ನು ಒಪ್ಪದವರೂ ನಿಂತು ಕೇಳುತ್ತಾರೆ. ರಕ್ತದ ಫೋಟೋ ಬೇಡವೇ ಬೇಡ, ಎದುರಿಗಿರುವ ಹುಡುಗಿ ಏನು ಅನುಭವಿಸಿದ್ದಾಳೋ ನಿಮಗೇನು ಗೊತ್ತು?

ಸುಮ್ನೆ 'ಬೇಡ' ಅಂದರೆ ಸಾಲದು, ಅಲ್ವಾ? ದಾರಿಯನ್ನೂ ತೋರಿಸಿ. ಯುಜಿಸಿ ನಿಯಮದಲ್ಲಿ ಪಿಎಚ್‌ಡಿ ಮಾಡುವ ಮಹಿಳೆಯರಿಗೆ 240 ದಿನದವರೆಗೆ ಹೆರಿಗೆ ಮತ್ತು ಶಿಶುಪಾಲನೆ ರಜೆಗೆ ಅವಕಾಶವಿದೆ, ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಸಾಕಲು ಆಗದವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಿಸಲು 2 ತಿಂಗಳು ಸಮಯ ಇರುತ್ತದೆ. ಬಿಎ, ಬಿಎಸ್ಸಿ ಹುಡುಗಿಯರ ಹಾಜರಾತಿ, ಹಾಸ್ಟೆಲ್ ವಿಷಯವನ್ನು ವಿವಿ ಜೊತೆ ನೀವೇ ಮಾತಾಡಿ, ಅದಕ್ಕೆ ಪಾಂಪ್ಲೆಟ್‌ಗಿಂತ ಜಾಸ್ತಿ ಬೆಲೆ.

ಯಾರಾದರೂ ಗುಟ್ಟು ಹೇಳಿಕೊಂಡರೆ ಹೆಸರು, ನಂಬರ್ ಬರೆದುಕೊಳ್ಳಬೇಡಿ. ಆರೋಗ್ಯದ ಪ್ರಶ್ನೆಗೆ ನೀವು ಉತ್ತರಿಸಬೇಡಿ, ಡಾಕ್ಟರ ಹತ್ತಿರ ಕಳಿಸಿ.