ಪೇಸ್ಟ್ ಮಾಡೋದು ಅವರ ಕೆಲಸ: ಒಂದು ಪುಟ್ಟ ಪ್ರೋಗ್ರಾಂ ಬರೆದ ನನ್ನ ಅನುಭವ

ಮೂರು ವರ್ಷದ ಹಿಂದೆ ಇದನ್ನು ಬರೆದಿದ್ದರೆ ಓದಿ ನಗುವವರೇ ಜಾಸ್ತಿ ಇದ್ದರು. ಈಗ ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯ ಡಿಟಿಪಿ ಅಂಗಡಿಗಳಲ್ಲಿ, ಅಂದರೆ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಪುಟ ಜೋಡಿಸಿಕೊಡುವ ಕಡೆ, ಸುಮಾರು 260 ಜನ ದುಡ್ಡು ಕೊಟ್ಟು ಕನ್ನಡ ಪಠ್ಯವನ್ನು ಯೂನಿಕೋಡ್‌ನಿಂದ ನುಡಿಗೆ ಬದಲಿಸುವ ನನ್ನ ಪ್ರೋಗ್ರಾಂ ಬಳಸುತ್ತಿದ್ದಾರೆ. ದುಡ್ಡು ಕೊಡದೆ ಬಳಸುವವರು ಅದರ ಎರಡರಷ್ಟಾದರೂ ಇರಬೇಕು. ಹಾಗಾಗಿ ಸ್ವಲ್ಪ ಕೊಚ್ಚಿಕೊಳ್ಳಬಹುದು ಅಂದುಕೊಂಡಿದ್ದೇನೆ.

ಸಮಸ್ಯೆ ಡಿಟಿಪಿ ಅಂಗಡಿ ನೋಡಿದವರಿಗೆಲ್ಲ ಗೊತ್ತು. ಗಿರಾಕಿ ವಾಟ್ಸಾಪ್‌ನಲ್ಲಿ ಮ್ಯಾಟರ್ ಕಳಿಸುತ್ತಾನೆ. ಅದು ಯೂನಿಕೋಡ್, ಅಂದರೆ ಫೋನು, ಇಂಟರ್ನೆಟ್ ಎಲ್ಲ ಬಳಸುವ ಅಕ್ಷರ ಪದ್ಧತಿ. ಅಂಗಡಿಯಲ್ಲಿರುವುದು ಪುಟ ಜೋಡಿಸುವ ಹಳೆ ತಂತ್ರಾಂಶ ಪೇಜ್‌ಮೇಕರ್ 7, ಅದಕ್ಕೆ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಆಸ್ಕಿ ಫಾಂಟು, ಅಂದರೆ ಇಂಗ್ಲಿಷ್ ಅಕ್ಷರ, ಗುರುತುಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟು. ನೇರವಾಗಿ ಪೇಸ್ಟ್ ಮಾಡಿದರೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಪೇಜ್‌ಮೇಕರ್ ಬಿಡಿ, ಅದರ ಹೊಸ ಪೀಳಿಗೆಯ ಇನ್‌ಡಿಸೈನ್‌ಗೆ ಬನ್ನಿ ಅನ್ನುವವರು ಒಮ್ಮೆ ಆ ಅಂಗಡಿಯ ಹಾರ್ಡ್ ಡಿಸ್ಕ್ ನೋಡಲಿ. ಹದಿನೈದು ವರ್ಷದ ಲಗ್ನಪತ್ರಿಕೆ, ಬಿಲ್ ಬುಕ್, ಲೆಟರ್‌ಹೆಡ್ ಎಲ್ಲ ಹಳೆ ಫೈಲಿನಲ್ಲೇ ಇವೆ. ಪರಿವರ್ತಕಗಳು ಮೊದಲೂ ಇದ್ದವು. ಆದರೆ ಬೇರೆ ಕಿಟಕಿ ತೆರೆದು, ಅಲ್ಲಿ ಹಾಕಿ, ಬಟನ್ ಒತ್ತಿ, ಅಲ್ಲಿಂದ ಮತ್ತೆ ಕಾಪಿ ಮಾಡಬೇಕಿತ್ತು. ಸುಮ್ನೆ ಹಿಂದೆ ಕೂತು, ಒಂದು ಕೀ ಒತ್ತಿದರೆ ಕೆಲಸ ಮುಗಿಸುವ ಪ್ರೋಗ್ರಾಂ ಬೇಕು ಅನ್ನಿಸಿತು.

ಮೊದಲ ಆವೃತ್ತಿಯನ್ನು ಎಲೆಕ್ಟ್ರಾನ್‌ನಲ್ಲಿ ಬರೆದೆ, ಅಂದರೆ ಪ್ರೋಗ್ರಾಂ ಒಳಗೇ ಒಂದು ಇಡೀ ಬ್ರೌಸರ್ ಹೊತ್ತು ಓಡುವ ಸಲಕರಣೆಯಲ್ಲಿ. ನಗಬೇಡಿ. ನನಗೆ ಆಗ ಬರುತ್ತಿದ್ದದ್ದು ಅದೇ. ಪರದೆಯ ಮೂಲೆಯಲ್ಲಿ ಗಡಿಯಾರದ ಪಕ್ಕ ಒಂದು ಟ್ರೇ ಐಕಾನ್ ತೋರಿಸುವುದಕ್ಕೆ 150 ಎಂಬಿ ಮೆಮೊರಿ ನುಂಗುತ್ತಿತ್ತು. ಆ ಅಂಗಡಿಗಳಲ್ಲಿ 2 ಜಿಬಿ ರ‍್ಯಾಮ್‌ನ ವಿಂಡೋಸ್ 7 ಯಂತ್ರಗಳು. ಚಿತ್ರ, ವಿನ್ಯಾಸ ಮಾಡುವ ಕೋರೆಲ್ ತೆರೆದರೆ ಟೀ ಕುಡಿದು ಬರಬಹುದು. ಅದರ ಮೇಲೆ ನಂದೊಂದು. ಎರಡೇ ವಾರದಲ್ಲಿ ಅಷ್ಟೂ ಜನ ಕಿತ್ತುಹಾಕಿದರು. ಆಮೇಲೆ ಲಜಾರಸ್ ಅನ್ನುವ ಹಗುರ ಸಲಕರಣೆ ಕಲಿತು ಪಾಸ್ಕಲ್ ಭಾಷೆಯಲ್ಲಿ ಮತ್ತೆ ಬರೆದೆ. ಈಗ ಒಂದೇ ಫೈಲು, ಮೆಮೊರಿ 6 ಎಂಬಿ ಆಸುಪಾಸು. ಇನ್‌ಸ್ಟಾಲರ್ ಇಲ್ಲ, ಸೆಟ್ಟಿಂಗ್ ಎಲ್ಲ ಪಕ್ಕದ ಐಎನ್ಐ ಅನ್ನುವ ಪುಟ್ಟ ಪಠ್ಯ ಫೈಲಿನಲ್ಲಿ. ಪೆನ್‌ಡ್ರೈವ್‌ನಿಂದಲೂ ಓಡುತ್ತದೆ. ಬೇಡ ಅನ್ನಿಸಿದರೆ ಫೋಲ್ಡರ್ ಅಳಿಸಿದರೆ ಮುಗಿಯಿತು. ಪ್ರೋಗ್ರಾಂ ಫೈಲ್ಸ್ ಒಳಗೆ ಮಾತ್ರ ಇಡಬೇಡಿ ಅಂತ ಹೇಳಿಕೊಡುತ್ತೇನೆ. ಅಲ್ಲಿ ಬರೆದ ಸೆಟ್ಟಿಂಗನ್ನು ವಿಂಡೋಸ್ ಗುಟ್ಟಾಗಿ ವರ್ಚುವಲ್‌ಸ್ಟೋರ್ ಅನ್ನುವ ಬೇರೆ ಫೋಲ್ಡರ್‌ಗೆ ಸಾಗಿಸಿ ನನ್ನ ತಲೆ ಕೆಡಿಸಿದ್ದು ಸಾಕು.

ನಿಜವಾದ ತಪ್ಪುಗಳು ಶುರುವಾದದ್ದು ಇದರ ನಂತರ. ಮೆಮೊರಿ ಕಡಿಮೆ ಆಯಿತಲ್ಲ, ಇನ್ನು ಬುದ್ಧಿವಂತಿಕೆ ತುಂಬೋಣ ಅಂತ ಹೊರಟೆ.

ಬುದ್ಧಿವಂತಿಕೆ ಒಂದು: ಕ್ಲಿಪ್‌ಬೋರ್ಡ್, ಅಂದರೆ ಕಾಪಿ ಮಾಡಿದ್ದು ಪೇಸ್ಟ್ ಆಗುವ ತನಕ ಕೂರುವ ಜಾಗ, ಅದನ್ನು ಕಾಯುವುದು. ಯಾರು ಏನೇ ಕಾಪಿ ಮಾಡಲಿ, ಅದು ಯೂನಿಕೋಡ್ ಕನ್ನಡವಾದರೆ ನುಡಿಗೆ, ನುಡಿಯಾದರೆ ಯೂನಿಕೋಡ್‌ಗೆ ತಾನಾಗಿ ಬದಲಾಗಬೇಕು. ಮನೆಯಲ್ಲಿ ನೋಡಿದಾಗ ಜಾದೂ ಥರ ಕಂಡಿತು. ಅಂಗಡಿಯಲ್ಲಿ ಒಬ್ಬ ಗಿರಾಕಿಯ ವಿಳಾಸವನ್ನು ಇನ್ನೊಬ್ಬರಿಗೆ ವಾಟ್ಸಾಪ್ ಮಾಡಲು ಹೋದರೆ ಅಲ್ಲಿ ಬಿದ್ದದ್ದು ಇಂಗ್ಲಿಷ್ ಅಕ್ಷರಗಳ ಕಸ. ಪೇಜ್‌ಮೇಕರ್‌ನ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸಾಗಿಸಿದರೆ ಪ್ರಶ್ನಾರ್ಥಕ ಚಿಹ್ನೆ. ಒಂದು ಇಂಗ್ಲಿಷ್ ಪುಸ್ತಕದ ಮೊದಲ ಪುಟದಲ್ಲಿ ಕಾಪಿರೈಟ್ ಗುರುತು ಹೋಗಿ ‘ಬಿ 2022’ ಅಂತಾಯಿತು. ನುಡಿಯಲ್ಲಿ ‘ಬಿ’ ಅಕ್ಷರ ಕೂತಿರುವುದೇ ಕಾಪಿರೈಟ್ ಗುರುತಿನ ಜಾಗದಲ್ಲಿ, ಏನು ಮಾಡೋದು.

ಬುದ್ಧಿವಂತಿಕೆ ಎರಡು: ಸರಿ, ಕಾಯುವುದು ಬೇಡ, ಕೀ ಒತ್ತಿದಾಗ ಮಾತ್ರ ಕೆಲಸ ಮಾಡೋಣ. ಆದರೆ ಎಲ್ಲವನ್ನೂ ನಾನೇ ಮಾಡುತ್ತೇನೆ. ಮೊದಲು ಕ್ಲಿಪ್‌ಬೋರ್ಡ್‌ನಲ್ಲಿ ಮುಂಚೆ ಇದ್ದದ್ದನ್ನು ಎತ್ತಿಡುವುದು. ಆಮೇಲೆ ಕಾಪಿಯ ಕಂಟ್ರೋಲ್ ಸಿ ಕಳಿಸಿ, ಬದಲಿಸಿ, ಪೇಜ್‌ಮೇಕರ್‌ಗೆ ಪೇಸ್ಟಿನ ಕಂಟ್ರೋಲ್ ವಿ ಕಳಿಸಿ, ಕೊನೆಗೆ ಎತ್ತಿಟ್ಟದ್ದನ್ನು ವಾಪಸ್ ಇಡುವುದು. ಸಭ್ಯ ಪ್ರೋಗ್ರಾಂ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಲಗ್ನಪತ್ರಿಕೆ. ಪ್ರೂಫ್ ನೋಡಿ ಗಿರಾಕಿ ಒಪ್ಪಿಯಾಗಿದೆ. ಕೊನೆ ಗಳಿಗೆಯಲ್ಲಿ ಫೋನ್ ಬಂತು, ಕಲ್ಯಾಣಮಂಟಪ ಬದಲಾಗಿದೆ, ವಿಳಾಸ ವಾಟ್ಸಾಪ್ ಮಾಡಿದ್ದೇವೆ ಅಂತ. ಅಂಗಡಿಯ ಹುಡುಗಿ ಕೀ ಒತ್ತಿದಳು. ವಿಳಾಸ ಬಂತು, ಕನ್ನಡದಲ್ಲೇ ಇತ್ತು, ಚೆಂದವಾಗಿ ಕೂತಿತು. ಪ್ರಿಂಟಿಗೆ ಹೋಯಿತು. ಅದು ಅದಕ್ಕೂ ಮುಂಚೆ ಕೆಲಸ ಮಾಡಿಸಿದ ಇನ್ನೊಂದು ಮನೆಯವರ ಕಲ್ಯಾಣಮಂಟಪ. ಪೇಜ್‌ಮೇಕರ್ ನಿಧಾನ. ನಾನು ಕಳಿಸಿದ ಪೇಸ್ಟ್ ಆಜ್ಞೆಯನ್ನು ಅದು ಓದುವಷ್ಟರಲ್ಲಿ ನನ್ನ ಪ್ರೋಗ್ರಾಂ ಹಳೆ ಮ್ಯಾಟರನ್ನು ವಾಪಸ್ ಇಟ್ಟುಬಿಟ್ಟಿತ್ತು. 500 ಕಾರ್ಡು, ಒಂದಕ್ಕೆ 14 ರೂಪಾಯಿಯೋ ಏನೋ. ಅರ್ಧ ನಾನು ಹಾಕಿಕೊಂಡೆ. ಆ ತಿಂಗಳ ಸಂಪಾದನೆ ಅಷ್ಟಕ್ಕೇ ಹೋಯಿತು.

ಅದಾದ ಮೇಲೂ ಬುದ್ಧಿ ಬರಲಿಲ್ಲ. ಕಾಯುವ ಸಮಯವನ್ನು 100 ಮಿಲಿಸೆಕೆಂಡ್‌ನಿಂದ 400ಕ್ಕೆ, ಆಮೇಲೆ 800ಕ್ಕೆ ಏರಿಸಿದೆ. ಒಂದು ಯಂತ್ರದಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಕೆಡುತ್ತಿತ್ತು. ಇನ್ನೊಂದು ತಮಾಷೆ ಕೇಳಿ. ಕೋರೆಲ್‌ನಲ್ಲಿ ದೊಡ್ಡ ಚಿತ್ರ ಕಾಪಿ ಮಾಡಿದಾಗ ಅದು ನಿಜವಾಗಿ ಕ್ಲಿಪ್‌ಬೋರ್ಡ್‌ಗೆ ಬಂದಿರುವುದಿಲ್ಲ. ಯಾರಾದರೂ ಕೇಳಿದರೆ ಕೊಡುತ್ತೇನೆ ಅನ್ನುವ ಮಾತು ಮಾತ್ರ ಇರುತ್ತದೆ. ನನ್ನ ಪ್ರೋಗ್ರಾಂ ಎತ್ತಿಡಲು ಹೋಗಿ ಇರುವ ಎಲ್ಲ ರೂಪಗಳನ್ನೂ ಕೇಳುತ್ತಿತ್ತು. ಕೋರೆಲ್ ಪಾಪ ಎಲ್ಲವನ್ನೂ ತಯಾರಿಸಲು ಕೂರುತ್ತಿತ್ತು. ಯಂತ್ರ ಹತ್ತು ಹನ್ನೆರಡು ಸೆಕೆಂಡ್ ಸ್ತಬ್ಧ. ಬೈಗುಳ ಮಾತ್ರ ನನಗೆ.

ಕೊನೆಗೆ ಒಂದು ರಾತ್ರಿ ಕೂತು ಅರ್ಧ ಕೋಡ್ ಅಳಿಸಿದೆ. ಹೊಸ ಕ್ರಮ ಇಷ್ಟೇ. ಕಾಪಿ ನೀವು ಮಾಡಿ. ಕೀ ಒತ್ತಿ. ಕ್ಲಿಪ್‌ಬೋರ್ಡ್‌ನಲ್ಲಿರುವ ಪಠ್ಯ ಮಾತ್ರ ಬದಲಾಗುತ್ತದೆ. ಪೇಸ್ಟ್ ನೀವೇ ಮಾಡಿ. ಅದೇ ಕೀ ಮತ್ತೆ ಒತ್ತಿದರೆ ಮೂಲ ಪಠ್ಯ ವಾಪಸ್. ಪಠ್ಯ ಅಲ್ಲದೆ ಚಿತ್ರ ಇದ್ದರೆ ಮುಟ್ಟುವುದೇ ಇಲ್ಲ. ಡಿಸ್ಕಿನಲ್ಲಿ ಏನೂ ಬರೆದಿಡುವುದಿಲ್ಲ, ಯಾಕೆಂದರೆ ಆ ಕ್ಲಿಪ್‌ಬೋರ್ಡ್‌ನಲ್ಲೇ ಗಿರಾಕಿಯ ಆಧಾರ್ ನಂಬರೂ ಓಡಾಡುತ್ತಿರುತ್ತದೆ. ದಪ್ಪಕ್ಷರ ಉಳಿಯುವುದಿಲ್ಲ. ಅದು ಅಂಗಡಿಯವರಿಗೆ ಬೇಕಾಗಿಯೂ ಇರಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯ ಇದನ್ನು ನೋಡಿ ತಲೆ ಚಚ್ಚಿಕೊಂಡ. “ಒಂದು ಕೀಯಲ್ಲಿ ಆಗ್ತಿದ್ದ ಕೆಲಸಕ್ಕೆ ಮೂರು ಕೀ ಮಾಡಿದೀಯ. ಯಾರೋ ಮಾರಾಯ ಬಳಸ್ತಾರೆ?” ಡಿಟಿಪಿಯವರ ಎಡಗೈ ದಿನವಿಡೀ ಕಂಟ್ರೋಲ್ ಸಿ, ಕಂಟ್ರೋಲ್ ವಿ ಮೇಲೆಯೇ ಇರುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವರಿಗೆ ಜಾಸ್ತಿಯಾದದ್ದು ಏನೂ ಇಲ್ಲ. ಪೇಸ್ಟ್ ಅವರೇ ಮಾಡಿದ್ದರಿಂದ ಏನು ಬಿತ್ತು ಅಂತ ನೋಡುತ್ತಾರೆ, ತಪ್ಪಿದ್ದರೆ ಕಂಟ್ರೋಲ್ ಝಡ್ ಒತ್ತುತ್ತಾರೆ. ಅದಾದ ಮೇಲೆ ಕಾರ್ಡು ಹಾಳಾದ ಫೋನ್ ಒಂದೂ ಬಂದಿಲ್ಲ.

ಕೀ ಯಾವುದು ಅನ್ನುವುದೂ ಒಂದು ಕಥೆ. ಮೊದಲು ಕಂಟ್ರೋಲ್ ಶಿಫ್ಟ್ ಕೆ ಇಟ್ಟೆ, ಕನ್ನಡದ ಕೆ ಅಂತ. ವರ್ಡ್‌ನಲ್ಲಿ ಅದು ಸ್ಮಾಲ್ ಕ್ಯಾಪ್ಸ್, ಇಂಗ್ಲಿಷಿನ ದೊಡ್ಡಕ್ಷರಗಳನ್ನೇ ಪುಟ್ಟದಾಗಿ ತೋರಿಸುವ ಕೀ. ವಕೀಲರ ಆಫೀಸಿನ ಟೈಪಿಸ್ಟ್ ಒಬ್ಬರು ಅದನ್ನೇ ಬಳಸುತ್ತಿದ್ದರಂತೆ. ಆಮೇಲೆ ಕಂಟ್ರೋಲ್ ಆಲ್ಟ್ 4. ಇಂಡಿಯಾ ಇಂಗ್ಲಿಷ್ ಕೀಬೋರ್ಡ್‌ನಲ್ಲಿ ಬಲಗಡೆಯ ಆಲ್ಟ್ ಅಂದರೆ ವಿಂಡೋಸ್‌ಗೆ ಕಂಟ್ರೋಲ್ ಆಲ್ಟ್ ಎರಡೂ ಒತ್ತಿದ ಹಾಗೆ. ಅದರ ಜೊತೆ 4 ಒತ್ತಿದರೆ ರೂಪಾಯಿ ಗುರುತು ಬರಬೇಕು. ಬಿಲ್ ಬುಕ್ ಮಾಡುವ ಅಂಗಡಿಯಲ್ಲಿ ನಾನು ರೂಪಾಯಿ ಗುರುತನ್ನೇ ಕದ್ದಿದ್ದೆ. ಈಗ ಮೊದಲೇ ಇಟ್ಟ ಕೀ ಅಂತ ಯಾವುದೂ ಇಲ್ಲ. ಮೊದಲ ಸಲ ತೆರೆದಾಗ ಒಂದು ಖಾಲಿ ಪೆಟ್ಟಿಗೆ, ನಿಮಗೆ ಬೇಕಾದ ಕೀ ಒತ್ತಿ ಅನ್ನುತ್ತದೆ. ಬೇರೆ ಪ್ರೋಗ್ರಾಂ ಅದನ್ನು ಆಗಲೇ ಹಿಡಿದಿದ್ದರೆ ವಿಂಡೋಸ್ 1409 ಅಂತ ಎರರ್ ಕೊಡುತ್ತದೆ. ‘ಈ ಕೀ ಬೇರೆಯವರ ಹತ್ತಿರ ಇದೆ, ಇನ್ನೊಂದು ಒತ್ತಿ’ ಅಂತ ತೋರಿಸುತ್ತೇನೆ. ಕನ್ನಡ, ಇಂಗ್ಲಿಷ್ ನಡುವೆ ಬದಲಿಸಲು ನುಡಿಯವರು ಒತ್ತುವ ಸ್ಕ್ರಾಲ್ ಲಾಕ್ ತಂಟೆಗೆ ಮಾತ್ರ ಹೋಗಿಲ್ಲ. ಅದು ಅವರ ಬೆರಳಿನಲ್ಲಿ ಕೂತುಬಿಟ್ಟಿದೆ.

ಶುರುವಿನಲ್ಲಿ ಒತ್ತಿದ ಪ್ರತಿ ಕೀಯನ್ನೂ ನೋಡುವ ಕೀಬೋರ್ಡ್ ಹುಕ್ ಹಾಕಿದ್ದೆ, ಅದನ್ನೂ ಬಿಟ್ಟೆ. ಎರಡು ಆಂಟಿವೈರಸ್‌ಗಳು ನನ್ನನ್ನು ಕೀ ಕದಿಯುವ ಕಳ್ಳ ಅಂದವು. ಒಂದೇ ಕೀಯನ್ನು ವಿಂಡೋಸ್‌ನ ಹತ್ತಿರ ಕೇಳಿ ಪಡೆಯುವ ರಿಜಿಸ್ಟರ್‌ಹಾಟ್‌ಕೀಗೆ ಬಂದ ಮೇಲೆ ಆ ಗಲಾಟೆ ಬಹುಪಾಲು ನಿಂತಿತು. ಪ್ರೋಗ್ರಾಂ ಬರೆದವರು ಯಾರು ಅಂತ ತೋರಿಸುವ ಡಿಜಿಟಲ್ ಸಹಿ, ಅಂದರೆ ಕೋಡ್ ಸೈನಿಂಗ್ ಸರ್ಟಿಫಿಕೇಟ್ ವಿಚಾರಿಸಿದೆ. 2023ರ ಜೂನ್‌ನಿಂದ ಆ ಸಹಿಯ ಗುಟ್ಟಿನ ಕೀಲಿಯನ್ನು ಪೆನ್‌ಡ್ರೈವ್ ಥರದ ಹಾರ್ಡ್‌ವೇರ್ ಟೋಕನ್‌ನಂಥ ಸಾಧನದಲ್ಲೇ ಇಡಬೇಕು ಅನ್ನುವ ನಿಯಮ ಬಂದಿದೆ. ಟೋಕನ್ ಸೇರಿ ಇಪ್ಪತ್ತು ಸಾವಿರದ ಮೇಲೆ ಹೇಳಿದರು. ಬಿಟ್ಟೆ. ಸಹಿ ಇಲ್ಲದ ಪ್ರೋಗ್ರಾಂ ಅಂತ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಕೆಯ ನೀಲಿ ಪರದೆ ತೋರಿಸಿದರೆ ಏನು ಒತ್ತಬೇಕು ಅಂತ ಫೋನಲ್ಲೇ ಹೇಳುತ್ತೇನೆ.

ಈಗ ಸ್ಟಾರ್ಟಪ್, ಅಂದರೆ ಕಂಪ್ಯೂಟರ್ ಶುರುವಾದಾಗ ಪ್ರೋಗ್ರಾಂ ತಾನಾಗಿ ಏಳುವ ವಿಷಯ. ಹಳೆ ಆವೃತ್ತಿ ತೆರೆದಾಗಲೆಲ್ಲ ಹಾಗೆ ಏಳಬೇಕಾದವುಗಳ ಪಟ್ಟಿಯಲ್ಲಿ (ವಿಂಡೋಸ್ ರಿಜಿಸ್ಟ್ರಿಯ ರನ್ ಕೀಲಿ) ತನ್ನ ಹೆಸರು ಬರೆದುಕೊಳ್ಳುತ್ತಿತ್ತು. ವಿಂಡೋಸ್ 7ರಲ್ಲಿ ಆ ಪಟ್ಟಿ ತೋರಿಸುವ ಎಂಎಸ್‌ಕಾನ್ಫಿಗ್‌ಗೆ ಹೋಗಿ ಟಿಕ್ ತೆಗೆದರೂ, ಇನ್ನೊಮ್ಮೆ ಪ್ರೋಗ್ರಾಂ ತೆರೆದ ತಕ್ಷಣ ಮತ್ತೆ ಸೇರುತ್ತಿತ್ತು. ಹರಿಹರದ ಅಂಗಡಿಯ ಹಿರಿಯರೊಬ್ಬರು ಫೋನ್ ಮಾಡಿದರು. “ಏನಪ್ಪಾ, ನಾನು ತೆಗೆದಿದ್ದು ಮತ್ತೆ ಬಂದು ಕೂತೈತಲ್ಲ. ಇದೇನು ವೈರಸ್ಸಾ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ತಾನಾಗಿ ಸೇರುವುದಿಲ್ಲ. ಮೆನುವಿನಲ್ಲಿ ಒಂದು ಟಿಕ್ ಇದೆ, ಬೇಕಾದವರು ಹಾಕಿಕೊಳ್ಳುತ್ತಾರೆ. ಎರಡೇ ದಿನಕ್ಕೆ ಮರೆತುಬಿಡುತ್ತಾರೆ ಅಂತ ಗೆಳೆಯ ಹೇಳಿದ್ದ. ನಾನು ವಿಚಾರಿಸಿದ ಮೂವತ್ತು ಮೂವತ್ತೈದು ಅಂಗಡಿಗಳಲ್ಲಿ ಇಪ್ಪತ್ತರ ಮೇಲೆ ಅವರೇ ಟಿಕ್ ಹಾಕಿಕೊಂಡಿದ್ದರು.

ಅಪ್‌ಡೇಟ್ ಮಾಡಿದ ಅನಾಹುತ ಇನ್ನೂ ನೆನಪಿದೆ. 2023ರ ಮೇ 10ಕ್ಕೆ ವಿಧಾನಸಭೆ ಚುನಾವಣೆ. ಏಪ್ರಿಲ್ ಕೊನೆಯಲ್ಲಿ ಎಲ್ಲ ಅಂಗಡಿಯಲ್ಲೂ ಕರಪತ್ರದ ರಾಶಿ. ಆ ಹೊತ್ತಿಗೆ ಸರಿಯಾಗಿ ‘ಹೊಸ ಆವೃತ್ತಿ ಬಂದಿದೆ, ಹಾಕಲೇ?’ ಅನ್ನುವ ಕಿಟಕಿ ಏಳುವಂತೆ ಮಾಡಿದ್ದೆ. ಅದು ಟೈಪ್ ಮಾಡುತ್ತಿರುವವರ ಮುಂದೆ ಎದ್ದು ಫೋಕಸ್ ಕಿತ್ತುಕೊಳ್ಳುತ್ತಿತ್ತು, ಅಂದರೆ ಆಮೇಲೆ ಒತ್ತಿದ ಕೀ ಎಲ್ಲ ಅದಕ್ಕೇ ಹೋಗುತ್ತಿತ್ತು. ಅವರು ನೋಡುವುದು ಪರದೆಯನ್ನಲ್ಲ, ಪಕ್ಕದಲ್ಲಿಟ್ಟ ಕಾಗದವನ್ನು. ಸಾಲು ಮುಗಿದು ಎಂಟರ್ ಒತ್ತಿದರೆ ಅದು ನನ್ನ ‘ಹೌದು’ ಬಟನ್ ಮೇಲೆ ಬೀಳುತ್ತಿತ್ತು. ಅವರಿಗೆ ಗೊತ್ತೇ ಇಲ್ಲದೆ ಮೊಬೈಲ್ ಹಾಟ್‌ಸ್ಪಾಟ್ ಡೇಟಾದಲ್ಲಿ ಡೌನ್‌ಲೋಡ್ ಆಗಿ, ಪ್ರೋಗ್ರಾಂ ಮುಚ್ಚಿ ತೆರೆದು, ಅವರ ಕೀಯೂ ಬದಲಾಯಿತು. ಒಂದೇ ದಿನ ಹನ್ನೊಂದು ಫೋನು. ಈಗ ತಾನಾಗಿ ಎದ್ದು ನಿಲ್ಲುವ ಕಿಟಕಿ ಒಂದೂ ಇಲ್ಲ. ಹೊಸದು ಇದೆಯಾ ಅಂತ ಮೆನುವಿನಲ್ಲಿ ಅವರೇ ಕೇಳಬೇಕು. ಹಾಕಿಕೊಂಡರೂ ಹಳೆ ಫೈಲು ಪಕ್ಕದಲ್ಲೇ ಉಳಿದಿರುತ್ತದೆ.

ಹಾಗಾದರೆ ಕೀ ಒತ್ತಿದ್ದಕ್ಕೆ ಕೆಲಸ ಆಯಿತು ಅಂತ ತಿಳಿಸೋದು ಹೇಗೆ? ಇದಕ್ಕೆ ಸುಮಾರು ಆಟ ಆಡಿದೆ. ‘ಟಿಕ್’ ಅಂತ ಸಣ್ಣ ಶಬ್ದ ಇಟ್ಟೆ. ಪಕ್ಕದಲ್ಲಿ ಆಫ್‌ಸೆಟ್ ಯಂತ್ರ ಓಡುವ ಕಡೆ ಕೇಳಿಸಲಿಲ್ಲ, ಶಾಂತವಾಗಿರುವ ಕಡೆ ತಲೆನೋವಾಯಿತು. ಟ್ರೇ ಐಕಾನ್ ಅರ್ಧ ಸೆಕೆಂಡ್ ಹಸಿರಾಗುವಂತೆ ಮಾಡಿದೆ. ವಿಂಡೋಸ್ 7ರಿಂದ ಈಚೆಗೆ ಹೊಸ ಐಕಾನ್‌ಗಳು ಬಾಣದ ಗುರುತಿನ ಹಿಂದೆ ಅಡಗಿರುತ್ತವೆ. ಹೊರಗೆ ಎಳೆದು ಇಡುವುದು ಬಳಸುವವರ ಕೈಯಲ್ಲಿ ಮಾತ್ರ ಇದೆ, ಅದು ಸರಿಯೂ ಹೌದು. ಈಗ ಮೌಸ್ ಇರುವ ಕಡೆ ಒಂದು ಪುಟ್ಟ ಗುರುತು ಬಂದು ಹೋಗುತ್ತದೆ. ಫೋಕಸ್ ಮುಟ್ಟುವುದಿಲ್ಲ, ಕ್ಲಿಕ್ ತಡೆಯುವುದಿಲ್ಲ. ಪೇಜ್‌ಮೇಕರ್ ಮೇಲೆ ಅದು ಮಿನುಗದ ಹಾಗೆ ಹೇಗೆ ಮಾಡಿದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದಕ್ಕೆ ಒಂದು ತಿಂಗಳು ಹೋಗಿದೆ. ಬೇಡದವರಿಗೆ ಅದನ್ನೂ ಆರಿಸುವ ಟಿಕ್ ಇದೆ.

ಪರಿವರ್ತನೆಯ ಒಳಗುಟ್ಟು ನಿಮಗೆಲ್ಲ ಗೊತ್ತಿರುವುದೇ. ‘ಸೂರ್ಯ’ದಲ್ಲಿ ಯೂನಿಕೋಡ್‌ಗೆ ರ ಮೊದಲು, ನುಡಿಯಲ್ಲಿ ಅರ್ಕಾವತ್ತು ಯ ಆದ ಮೇಲೆ. ‘ರ‍್ಯಾಂಕ್’ ಬಂದರೆ ಲೆಕ್ಕ ಬೇರೆ. ಫೋನಿನ ಕೀಬೋರ್ಡ್‌ಗಳು ಅಲ್ಲಲ್ಲಿ ತುರುಕುವ ಕಣ್ಣಿಗೆ ಕಾಣದ ಜೋಡಿಸುವ ಗುರುತುಗಳ ಕಾಟ ಬೇರೆ. ಒಂದೇ ಸಾಲಿನಲ್ಲಿ ನುಡಿ ಕನ್ನಡವೂ ಇಂಗ್ಲಿಷೂ ಬೆರೆತಿದ್ದರೆ ಯಾವುದು ಯಾವುದು ಅಂತ ಕಂಡುಹಿಡಿಯುವ ಉಪಾಯವೇ ನನ್ನ ಅನ್ನ. ಅದನ್ನೂ ಇಲ್ಲಿ ಬರೆಯಲ್ಲ.

ಕೊನೆಗೆ ದುಡ್ಡು. ಮೊದಲು ತೆರೆದಾಗಲೆಲ್ಲ ‘ಕೊಂಡುಕೊಳ್ಳಿ’ ಅನ್ನುವ ಕಿಟಕಿ ಇತ್ತು, ಐದು ಸೆಕೆಂಡ್ ಕಾಯಬೇಕಿತ್ತು. ಸುಮಾರು 70 ಜನ ಹಾಕಿಕೊಂಡರು, ದುಡ್ಡು ಕೊಟ್ಟವರು ನಾಲ್ಕು ಮಂದಿ. ಆ ಕಿಟಕಿ ಕಿತ್ತುಹಾಕಿದೆ, ಬೀಗವನ್ನೂ ತೆಗೆದೆ. ದುಡ್ಡು ಕೊಡದಿದ್ದರೂ ಪೂರ್ತಿ ಕೆಲಸ ಮಾಡುತ್ತದೆ. 350 ರೂಪಾಯಿ ಒಂದೇ ಸಲ ಕೊಟ್ಟವರು ನನಗೆ ಫೋನ್ ಮಾಡಬಹುದು, ಬಿಲ್ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಎರಡು ವರ್ಷ ಚಿಲ್ಲರೆಯಲ್ಲಿ ಹತ್ತಿರ ಹತ್ತಿರ ತೊಂಬತ್ತು ಸಾವಿರ ಬಂದಿದೆ. ಗೆಳೆಯನಿಗೆ ಈ ಲೆಕ್ಕ ಎರಡು ಸಲ ಹೇಳಿದ್ದೇನೆ.

2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ಕ್ಕೆ ಬೆಂಬಲ ನಿಂತಿತಲ್ಲ, ಕೆಲವು ಅಂಗಡಿಯವರು ಹೊಸ ಯಂತ್ರ ತಂದರು. ರಾಣೆಬೆನ್ನೂರಿನಿಂದ ಒಬ್ಬರು ಫೋನ್ ಮಾಡಿದರು. “ಸರ್, ಹೊಸ ಕಂಪ್ಯೂಟರ್‌ನಲ್ಲಿ ಎಫ್9 ಕೆಲ್ಸ ಮಾಡ್ತಿಲ್ಲ.” ಯಾವ ಪ್ರೋಗ್ರಾಂ ಅಂತ ಕೇಳಿದೆ. “ಪ್ರೋಗ್ರಾಂ ಅಲ್ರೀ, ಎಫ್9. ಒತ್ತಿದ್ರೆ ನುಡಿ ಆಗ್ತಿತ್ತಲ್ಲ.” ಎಫ್9 ಇಟ್ಟುಕೊಂಡದ್ದು ಅವರೇ. ಅದನ್ನು ಯಾರೋ ಬರೆದಿದ್ದಾರೆ ಅನ್ನುವುದು ಅವರ ನೆನಪಿನಿಂದ ಹೋಗಿತ್ತು. ನನ್ನ ನಂಬರ್ ಹೇಗೆ ಸಿಕ್ಕಿತು ಅಂದರೆ, ಹಳೆ ಬಿಲ್ಲಿನಲ್ಲಿತ್ತಂತೆ. ಹಳೆ ಯಂತ್ರದ ಫೋಲ್ಡರ್ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಬನ್ನಿ ಅಂದೆ. ಐದು ನಿಮಿಷದಲ್ಲಿ ಅವರೇ ಮಾಡಿಕೊಂಡರು.